ನರ್ಸಿಂಗ್ ಓದುವಾಗ ಎಂಬಿಬಿಎಸ್ ಆಸೆ: ಅನುಮಾನವನ್ನು ಅಳೆದು ನೋಡುವ ಬಗೆ

ಬಿಎಸ್ಸಿ ನರ್ಸಿಂಗ್ ಓದುವ ಮಕ್ಕಳಲ್ಲಿ ಈ ಪ್ರಶ್ನೆ ಏಳುವುದು ಸಾಮಾನ್ಯವಾಗಿ ವಾರ್ಡ್ ಡ್ಯೂಟಿ ಶುರುವಾದ ಮೇಲೆ. ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ಕೇಸ್‌ಶೀಟ್ ನೋಡಿ ಔಷಧಿ ಬದಲಿಸುತ್ತಾರೆ. ಟ್ರೇ ಹಿಡಿದು ಪಕ್ಕದಲ್ಲಿ ನಿಂತ ಹುಡುಗಿಗೆ ಯಾಕೆ ಬದಲಿಸಿದರು ಎಂಬುದು ಅರ್ಥವಾಗುತ್ತದೆ, ಒಮ್ಮೊಮ್ಮೆ ಮೊದಲೇ ಹೊಳೆದಿರುತ್ತದೆ. ಆಗ ಒಳಗೊಂದು ಮಾತು ಬರುತ್ತದೆ: ನಾನೂ ಇದನ್ನೇ ಓದಬಹುದಿತ್ತಲ್ಲ? ಅದರ ಬೆನ್ನಿಗೇ ಇನ್ನೊಂದು: ಪಿಯುಸಿ ಮುಗಿಸಿದಾಗಲೇ ನೀಟ್‌ನಲ್ಲಿ ಬರಲಿಲ್ಲ, ಈಗ ನನ್ನ ಕೈಲಿ ಆಗುತ್ತಾ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಮಾತನ್ನು ಬಾಯಿಬಿಟ್ಟು ಆಡುವವರು ಕಡಿಮೆ. ಇಲ್ಲಿನ ಮಕ್ಕಳು ನರ್ಸಿಂಗ್‌ಗೆ ಬರುವ ದಾರಿ ಬಹುಮಟ್ಟಿಗೆ ಒಂದೇ ತರಹದ್ದು. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಳ್ಳುತ್ತಾರೆ, ಬೋರ್ಡ್ ಪರೀಕ್ಷೆಯ ದಣಿವು ಆರುವ ಮುನ್ನ ಸಿಇಟಿಯನ್ನೂ ನೀಟನ್ನೂ ಬರೆಯುತ್ತಾರೆ. ನೀಟ್ ಅಂಕ ಸರ್ಕಾರಿ ಸೀಟಿಗೆ ಸಾಲುವುದಿಲ್ಲ. ಇನ್ನೊಂದು ವರ್ಷ ಮನೆಯಲ್ಲಿ ಕೂರಿಸಿ ಕೋಚಿಂಗ್‌ಗೆ ದುಡ್ಡು ಹಾಕುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಕೊಬ್ಬರಿ, ಅಡಿಕೆ ರೇಟು ಕೈಕೊಟ್ಟ ವರ್ಷವಾದರಂತೂ ಆ ಮಾತೇ ಏಳುವುದಿಲ್ಲ. ಓದು ಮುಗಿದ ಕೂಡಲೇ ಕೆಲಸ ಸಿಗುತ್ತದೆ ಎಂಬ ಧೈರ್ಯದ ಮೇಲೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ದಾವಣಗೆರೆಗೋ ಬೆಂಗಳೂರಿಗೋ ನರ್ಸಿಂಗ್‌ಗೆ ಸೇರಿಸುತ್ತಾರೆ. ಆ ಧೈರ್ಯ ಸುಳ್ಳೇನಲ್ಲ. ಆದರೆ ಸೇರಿದ ಮೇಲೆ 'ಡಾಕ್ಟರ್ ಓದ್ಬೇಕು ಅನ್ಸುತ್ತೆ ಅಪ್ಪ' ಎಂದರೆ ಕೈಗೆ ಬಂದದ್ದನ್ನೂ ಬಿಡುತ್ತಿದ್ದಾಳೆ ಎಂದು ಮನೆಯವರು ಕಂಗಾಲಾಗುತ್ತಾರೆ ಎಂಬ ಹೆದರಿಕೆ. ಹೀಗೆ ಆಸೆ, ಅನುಮಾನ ಎರಡೂ ಹಾಸ್ಟೆಲ್ ಕೋಣೆಯಲ್ಲೇ ಉಳಿದುಹೋಗುತ್ತವೆ.

ನಾನು ಹೇಳಹೊರಟಿರುವುದು ಇಷ್ಟು. ಅನುಮಾನ ಬಂತು ಎಂಬ ಮಾತ್ರಕ್ಕೆ ಯೋಗ್ಯತೆ ಇಲ್ಲವೆಂದು ಆಗುವುದಿಲ್ಲ, ಆಸೆ ಬಲವಾಗಿದೆ ಎಂಬ ಮಾತ್ರಕ್ಕೆ ಯೋಗ್ಯತೆ ಇದೆಯೆಂದೂ ಆಗುವುದಿಲ್ಲ. ಎರಡನ್ನೂ ಕಾಗದದ ಮೇಲಿನ ಲೆಕ್ಕಕ್ಕೆ ಇಳಿಸಬಹುದು. ಇಳಿಸಿದ ಮೇಲೆ ಬರುವ ತೀರ್ಮಾನ ಯಾವುದೇ ಇರಲಿ, ಆಮೇಲೆ ಅದು ಮನಸ್ಸನ್ನು ಕೊರೆಯುವುದಿಲ್ಲ.

ಈ ಅನುಮಾನ ಎಲ್ಲಿಂದ ಬರುತ್ತದೆ

ಅಮೆರಿಕದ ಮನಃಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಓದಿನಲ್ಲೂ ಉದ್ಯೋಗದಲ್ಲೂ ಮುಂದಿದ್ದ ಹೆಂಗಸರ ಜೊತೆ ಕೆಲಸ ಮಾಡುತ್ತಾ ಅವರು ಗಮನಿಸಿದ ಸಂಗತಿ ಅದು: ಇವರಲ್ಲಿ ಅನೇಕರು ತಮ್ಮ ಸಾಧನೆಯನ್ನು ಅದೃಷ್ಟಕ್ಕೋ ಬೇರೆಯವರ ದಯೆಗೋ ಬರೆದುಬಿಡುತ್ತಿದ್ದರು, ಒಂದು ದಿನ ತಮ್ಮ ಬಂಡವಾಳ ಬಯಲಾಗುತ್ತದೆ ಎಂದು ಅಂಜುತ್ತಿದ್ದರು. ಇಂಪೋಸ್ಟರ್ ಸಿಂಡ್ರೋಮ್ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ. ಅನುಮಾನ ದಡ್ಡರಿಗೆ ಮಾತ್ರ ಬರುವಂಥದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನರ್ಸಿಂಗ್ ವಿದ್ಯಾರ್ಥಿಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ಆಸ್ಪತ್ರೆಯಲ್ಲಿ ಮೇಲು ಕೆಳಗು ಬಹಳ ಗಟ್ಟಿ. ಯಾರು ಕುರ್ಚಿಯಲ್ಲಿ ಕೂರಬೇಕು, ಯಾರು ಎದ್ದು ನಿಲ್ಲಬೇಕು, ಯಾರು ಯಾರನ್ನು ಹೆಸರು ಹಿಡಿದು ಕರೆಯಬಹುದು ಎಂಬುದೆಲ್ಲ ನಿಗದಿಯಾಗಿರುತ್ತದೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ದಿನವೂ ಅದರೊಳಗೆ ಓಡಾಡಿದವರಿಗೆ 'ಡಾಕ್ಟರು ಬೇರೆ ಜಾತಿಯ ಬುದ್ಧಿವಂತರು, ನಾವು ಬೇರೆ' ಎಂದು ಅನ್ನಿಸತೊಡಗುತ್ತದೆ. ಅವರಿಗೂ ನಿಮಗೂ ಇದ್ದದ್ದು ಒಂದು ಪರೀಕ್ಷೆಯ ಅಂತರ. ಆ ಅಂತರ ಚಿಕ್ಕದು ಎಂದು ನಾನು ಹೇಳುತ್ತಿಲ್ಲ, ಬಹಳ ದೊಡ್ಡದೇ ಇರಬಹುದು. ಆದರೆ ಅದು ಅಂಕದ ಅಂತರ, ಜನ್ಮದ ಅಂತರವಲ್ಲ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸಿದಾಗ ಅದನ್ನು ತನ್ನ ತಲೆಯ ಕೊರತೆ ಎಂದು ತಿಳಿಯುತ್ತಾಳಲ್ಲ, ಅದೂ ಇಂಥದ್ದೇ ತಪ್ಪು ಲೆಕ್ಕ.

ಹಾಗಾದರೆ ಆತ್ಮವಿಶ್ವಾಸ ಬೆಳೆಸುವುದು ಹೇಗೆ? ಆಲ್ಬರ್ಟ್ ಬಂಡೂರಾ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ ಇದರ ಬಗ್ಗೆ ಬರೆದದ್ದು ಇವತ್ತಿಗೂ ಉಪಯುಕ್ತ. ನನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ದೊಡ್ಡ ಆಧಾರ, ಆ ಕೆಲಸದ ಒಂದು ತುಣುಕನ್ನಾದರೂ ಸ್ವತಃ ಮಾಡಿ ಗೆದ್ದ ಅನುಭವ ಎಂದರು ಅವರು. ನಮ್ಮಂಥವರು ಮಾಡಿದ್ದನ್ನು ನೋಡುವುದು, ಇನ್ನೊಬ್ಬರು ಹುರಿದುಂಬಿಸುವುದು ಎಲ್ಲ ಅದರ ನಂತರ. ಅಂದರೆ ಯೂಟ್ಯೂಬಿನಲ್ಲಿ ಟಾಪರ್‌ಗಳ ಮಾತು ಕೇಳಿ ಬರುವ ಹುಮ್ಮಸ್ಸಿಗಿಂತ ಭೌತಶಾಸ್ತ್ರದ ಒಂದು ಅಧ್ಯಾಯದ ಲೆಕ್ಕಗಳನ್ನು ನೀವೇ ಬಿಡಿಸಿ ಮುಗಿಸಿದ ದಿನದ ಧೈರ್ಯ ಹೆಚ್ಚು ಕಾಲ ಬಾಳುತ್ತದೆ.

ಮೊದಲು ಅರ್ಹತೆ

ನರ್ಸಿಂಗ್‌ನಿಂದ ಎಂಬಿಬಿಎಸ್‌ಗೆ ನಮ್ಮ ದೇಶದಲ್ಲಿ ಅಡ್ಡದಾರಿ ಇಲ್ಲ. ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುವಂಥ ಲ್ಯಾಟರಲ್ ಎಂಟ್ರಿ ಇಲ್ಲಿಲ್ಲ. ಎರಡೂ ಕೋರ್ಸುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲೇ ನಡೆದರೂ ನೀವು ಓದಿದ ಅನಾಟಮಿ, ಫಿಸಿಯಾಲಜಿಗೆ ವಿನಾಯಿತಿ ಸಿಗುವುದಿಲ್ಲ. ನೀಟ್ ಬರೆಯಬೇಕು, ಮೊದಲ ವರ್ಷದಿಂದ ಆರಂಭಿಸಬೇಕು: ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಯಾರಾದರೂ 'ನರ್ಸಿಂಗ್ ಆದವರಿಗೆ ಬ್ರಿಡ್ಜ್ ಕೋರ್ಸ್ ಮಾಡಿ ಎಂಬಿಬಿಎಸ್ ಕೊಡಿಸ್ತೀವಿ' ಎಂದರೆ ಅಲ್ಲಿಂದ ಎದ್ದು ಬನ್ನಿ.

ವಯಸ್ಸಿನ ಚಿಂತೆಯನ್ನು ಮಾತ್ರ ಪೂರ್ತಿ ಬಿಡಬಹುದು. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಎಷ್ಟು ಸಲ ಬರೆಯಬಹುದು ಎಂಬ ಮಿತಿಯೂ ಇಲ್ಲ. ಒಡಿಶಾದ ನಿವೃತ್ತ ಬ್ಯಾಂಕ್ ನೌಕರ ಜಯ ಕಿಶೋರ್ ಪ್ರಧಾನ್ 2020ರಲ್ಲಿ, ತಮ್ಮ 64ನೇ ವಯಸ್ಸಿನಲ್ಲಿ, ನೀಟ್ ಪಾಸಾಗಿ ಬುರ್ಲಾದ ಸರ್ಕಾರಿ ವೈದ್ಯಕೀಯ ಸಂಸ್ಥೆ ಸೇರಿದ್ದರು. ಅವರಂತೆ ಮಾಡಿ ಎನ್ನಲು ಈ ಉದಾಹರಣೆ ಕೊಡುತ್ತಿಲ್ಲ. ಇಪ್ಪತ್ತೊಂದಕ್ಕೇ 'ವಯಸ್ಸಾಯ್ತು' ಎಂದು ಕೊರಗುವವರು ತಿಳಿದಿರಲಿ ಎಂದು ಹೇಳಿದೆ.

ಪಿಯುಸಿ ಅಂಕದ ವಿಷಯದಲ್ಲಿ ಎಡವುವವರು ಮಾತ್ರ ಇದ್ದಾರೆ. ಬಿಎಸ್ಸಿ ನರ್ಸಿಂಗ್‌ಗೆ ಸಾಮಾನ್ಯ ವರ್ಗದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ. 45 ಸಾಕು. ಎಂಬಿಬಿಎಸ್‌ಗೆ ಶೇ. 50 ಬೇಕು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಶೇ. 40. ಅಂದರೆ ನರ್ಸಿಂಗ್ ಸೀಟು ಸಿಕ್ಕಿದ್ದೇ ಎಂಬಿಬಿಎಸ್ ಅರ್ಹತೆಯ ಪುರಾವೆಯಲ್ಲ. ಜಿಎನ್‌ಎಂ ಓದುತ್ತಿರುವವರು ಇನ್ನೂ ಎಚ್ಚರವಾಗಿರಬೇಕು. ಆ ಕೋರ್ಸಿಗೆ ಕಲಾ, ವಾಣಿಜ್ಯ ಓದಿದವರನ್ನೂ ತೆಗೆದುಕೊಳ್ಳುತ್ತಾರೆ, ನೀಟ್‌ಗೆ ವಿಜ್ಞಾನದ ಪಿಯುಸಿ ಇಲ್ಲದೆ ಆಗುವುದಿಲ್ಲ. ಪಿಯುಸಿಯಲ್ಲಿ ಪಿಸಿಎಂ ಓದಿ ಜೀವಶಾಸ್ತ್ರ ಬಿಟ್ಟಿದ್ದವರು ಮಾನ್ಯತೆ ಪಡೆದ ಬೋರ್ಡಿನಲ್ಲಿ ಅದೊಂದನ್ನೇ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಳ್ಳಬಹುದು ಎಂದು ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿದೆ.

ಅಂಕದ ಲೆಕ್ಕ, ಭಾನುವಾರದ ಪರೀಕ್ಷೆ

ನೀಟ್‌ನಲ್ಲಿ ಪಾಸಾಗುವುದಕ್ಕೂ ಸೀಟು ಸಿಗುವುದಕ್ಕೂ ಅಜಗಜಾಂತರ. ಒಟ್ಟು 720 ಅಂಕ. 2025ರಲ್ಲಿ ಸಾಮಾನ್ಯ ವರ್ಗದವರು 144 ಅಂಕ ಪಡೆದರೂ 'ಅರ್ಹರು' ಎನಿಸಿಕೊಂಡರು. ಆ ವರ್ಷ ಬರೆದವರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ, ಅದರಲ್ಲಿ ಸರ್ಕಾರಿ ಕಾಲೇಜಿನವು ಅರ್ಧದ ಆಸುಪಾಸು. ಆದ್ದರಿಂದ 'ನಾನು ಕಳೆದ ಸಲ ಕ್ವಾಲಿಫೈ ಆಗಿದ್ದೆ' ಎಂಬ ಮಾತನ್ನು ನೆಚ್ಚಿ ಯಾವ ನಿರ್ಧಾರವನ್ನೂ ಮಾಡಬೇಡಿ. ನೋಡಬೇಕಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ತನ್ನ ವೆಬ್‌ಸೈಟಿನಲ್ಲಿ ಹಾಕುವ ಕಟ್‌ಆಫ್ ಪಟ್ಟಿಯನ್ನು. ಕಾಲೇಜುವಾರು, ವರ್ಗವಾರು, ಸುತ್ತುವಾರು ಅದು ಸಿಗುತ್ತದೆ. ಹಿಂದಿನ ಎರಡು ವರ್ಷಗಳ ಕೊನೆಯ ಸುತ್ತಿನಲ್ಲಿ ನಿಮ್ಮ ವರ್ಗಕ್ಕೆ ಸರ್ಕಾರಿ ಸೀಟು ಯಾವ ರ‍್ಯಾಂಕಿಗೆ ನಿಂತಿತು ಎಂದು ಬರೆದುಕೊಳ್ಳಿ, ಆ ರ‍್ಯಾಂಕಿಗೆ ಎಷ್ಟು ಅಂಕ ಬೇಕಾಗಿತ್ತು ಎಂದು ಹುಡುಕಿ. ಅದು ನಿಮ್ಮ ಗುರಿಯ ಅಂಕ.

ಇನ್ನು ನೀವು ಎಲ್ಲಿದ್ದೀರಿ ಎಂಬ ಲೆಕ್ಕ. ನೀಟ್ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಈಗಿನ ಮಾದರಿ 180 ಪ್ರಶ್ನೆ, 180 ನಿಮಿಷ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ. ಏನೂ ಓದಿಕೊಳ್ಳದೆ, ಫೋನ್ ಇನ್ನೊಬ್ಬರ ಕೈಗೆ ಕೊಟ್ಟು, ಒಂದು ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕುಳಿತು ಬರೆಯಿರಿ. ಬಂದ ಅಂಕ ನೋಡಿ ಅಳಬೇಡಿ, ವಿಷಯವಾರು ಬರೆದಿಡಿ. ಆಮೇಲೆ ಆರು ವಾರ, ನರ್ಸಿಂಗ್ ಓದಿಗೆ ತೊಂದರೆಯಾಗದಂತೆ ದಿನಕ್ಕೆ ಒಂದೂವರೆ ಗಂಟೆ ಓದಿ ಇನ್ನೊಂದು ಹಳೆಯ ಪತ್ರಿಕೆ ಬರೆಯಿರಿ. ಮತ್ತೆ ಆರು ವಾರ, ಮೂರನೆಯ ಪತ್ರಿಕೆ. ನಿಮಗೆ ಬೇಕಾದ ಉತ್ತರ ಮೊದಲ ಅಂಕದಲ್ಲಿಲ್ಲ. ಮೂರರ ನಡುವೆ ಅಂಕ ಎಷ್ಟು ಏರಿತು ಎಂಬುದರಲ್ಲಿದೆ.

ಇಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪು ಅಂದಾಜನ್ನು ಹೇಳಲೇಬೇಕು. 'ಬಯಾಲಜಿ ನಮಗೆ ಬರುತ್ತೆ, ದಿನಾ ಅದನ್ನೇ ಓದ್ತೀವಿ' ಎನ್ನುತ್ತಾರೆ. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ ದೊಡ್ಡ ಪಾಲು ಸಸ್ಯಶಾಸ್ತ್ರ, ತಳಿಶಾಸ್ತ್ರ, ಪರಿಸರದ್ದು. ಮಾನವ ಶರೀರಕ್ರಿಯೆ, ಸಂತಾನೋತ್ಪತ್ತಿ, ಆರೋಗ್ಯ ಮತ್ತು ರೋಗ ಈ ಭಾಗಗಳಲ್ಲಿ ನಿಮಗೆ ಅನುಕೂಲವಿದೆ, ನಿಜ. ಆದರೆ ನೀಟ್ ಕೇಳುವುದು ಎನ್‌ಸಿಇಆರ್‌ಟಿ ಪುಸ್ತಕದ ಸಾಲನ್ನು. ವಾರ್ಡಿನಲ್ಲಿ ಕಲಿತದ್ದಕ್ಕೆ ಅಲ್ಲಿ ಅಂಕ ಬರುವುದು ಕಡಿಮೆ. ಭೌತಶಾಸ್ತ್ರವಂತೂ ನರ್ಸಿಂಗ್ ಪಠ್ಯದಲ್ಲೇ ಇಲ್ಲ. ಪಿಯುಸಿ ಮುಗಿದು ಎರಡು ವರ್ಷವಾಗಿದ್ದರೆ ಬೆಳಕಿನ ವಕ್ರೀಭವನದ ಸೂತ್ರ, ವಿದ್ಯುತ್ ಮಂಡಲದ ಲೆಕ್ಕ ಎಲ್ಲ ಮರೆತಿರುತ್ತವೆ. 45 ಪ್ರಶ್ನೆ, 180 ಅಂಕ ಅಲ್ಲಿವೆ. ಸೀಟು ತಪ್ಪುವುದು ಬಹಳ ಸಲ ಅಲ್ಲೇ. ಹಾಗಾಗಿ ಆ ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಭೌತಶಾಸ್ತ್ರಕ್ಕೇ ಹೋಗಲಿ.

ಮೂರನೆಯ ಪತ್ರಿಕೆಯ ನಂತರ ನನ್ನ ಲೆಕ್ಕ ಹೀಗೆ. ಗುರಿಗೂ ನಿಮ್ಮ ಅಂಕಕ್ಕೂ ನೂರರ ಒಳಗಿನ ಅಂತರ ಉಳಿದಿದ್ದು, ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಏರುತ್ತಿದ್ದರೆ, ಒಂದು ವರ್ಷ ಪೂರ್ತಿ ಓದಿಗೆ ಕೂರುವುದು ಹುಚ್ಚು ಸಾಹಸವಲ್ಲ. ಅಂತರ ಇನ್ನೂರು ದಾಟಿದ್ದು, ಹನ್ನೆರಡು ವಾರದಲ್ಲಿ ಭೌತಶಾಸ್ತ್ರ ಇದ್ದಲ್ಲೇ ನಿಂತಿದ್ದರೆ, ನರ್ಸಿಂಗ್ ಬಿಡಬೇಡಿ. ನಡುವೆ ಇರುವವರು ಇನ್ನೆರಡು ಪತ್ರಿಕೆ ಬರೆದು ನೋಡಲಿ. ಕೋಚಿಂಗ್ ಸೆಂಟರಿಗೆ ಲಕ್ಷ ಕಟ್ಟುವುದು ಇದೆಲ್ಲ ಮುಗಿದ ಮೇಲಿನ ಮಾತು. ಎನ್‌ಸಿಇಆರ್‌ಟಿ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿವೆ, ಐಐಟಿ ಕಾನ್ಪುರ ಮತ್ತು ಕೇಂದ್ರ ಶಿಕ್ಷಣ ಸಚಿವಾಲಯ ನಡೆಸುವ 'ಸಾಥಿ' ಪೋರ್ಟಲ್ಲಿನಲ್ಲಿ ನೀಟ್ ಪಾಠಗಳು ಹಣವಿಲ್ಲದೆ ಸಿಗುತ್ತವೆ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಬರೆಯಬಹುದು. 2017ರಿಂದಲೇ ಆ ಅವಕಾಶವಿದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ನರ್ಸಿಂಗ್ ಓದಿದವರು ಎರಡೂ ಭಾಷೆಯಲ್ಲಿ ಒಂದೊಂದು ಪತ್ರಿಕೆ ಬರೆದು ನೋಡಿಯೇ ಆರಿಸಿಕೊಳ್ಳಲಿ.

ಬಿಡುವುದೋ, ಮುಗಿಸುವುದೋ

ನರ್ಸಿಂಗ್ ಓದುತ್ತಿರುವಾಗಲೇ ನೀಟ್ ಬರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಮೊದಲನೇ ವರ್ಷದಲ್ಲಿರುವವರು ಕಾಲೇಜು ಬಿಡದೆ ಮೇ ತಿಂಗಳ ನೀಟ್ ಒಮ್ಮೆ ಬರೆಯಲಿ. ಸೀಟು ಹಂಚಿಕೆಯಾದ ಮೇಲೆ ಬಿಡುವುದಿದ್ದರೆ ಬಿಡಲಿ.

ಮೂರು, ನಾಲ್ಕನೇ ವರ್ಷದಲ್ಲಿರುವವರಿಗೆ ನನ್ನ ಸಲಹೆ ಖಚಿತ: ಮುಗಿಸಿ. ಪದವಿ ಪಡೆದು, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು, ಆಮೇಲೆ ಒಂದು ವರ್ಷ ನೀಟ್‌ಗೆ ಕೊಡಿ. ಸಿಕ್ಕರೆ ಸರಿ. ಸಿಗದಿದ್ದರೆ ಕೈಯಲ್ಲಿ ಕೆಲಸವಿರುತ್ತದೆ, ಮನೆಗೆ ಭಾರವಾದೆ ಎಂಬ ಕೊರಗು ಇರುವುದಿಲ್ಲ. ಇಪ್ಪತ್ತಮೂರಕ್ಕೆ ಎಂಬಿಬಿಎಸ್ ಸೇರಿದರೂ ಇಪ್ಪತ್ತೊಂಬತ್ತರ ಹೊತ್ತಿಗೆ ಇಂಟರ್ನ್‌ಶಿಪ್ ಮುಗಿದಿರುತ್ತದೆ.

ಕಷ್ಟ ಇರುವುದು ಎರಡನೇ ವರ್ಷದವರಿಗೆ. ಅರ್ಧ ದಾರಿ ಬಂದಾಗಿದೆ, ಅರ್ಧ ಉಳಿದಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಶೇ. 80 ಹಾಜರಾತಿ ಬೇಕು, ಪದವಿ ಕೈಗೆ ಬರಬೇಕಾದರೆ ಪ್ರಾಯೋಗಿಕ ಗಂಟೆಗಳನ್ನು ಪೂರ್ತಿ ಮುಗಿಸಿರಬೇಕು. ಇದರ ನಡುವೆ ನೀಟ್‌ಗೆ ದಿನಕ್ಕೆ ಎರಡು ಗಂಟೆ ಸಿಕ್ಕರೆ ಹೆಚ್ಚು. ಇಲ್ಲಿ ಮೇಲೆ ಹೇಳಿದ ಮೂರು ಪತ್ರಿಕೆಗಳ ಫಲಿತಾಂಶದ ಮಾತನ್ನೇ ಕೇಳಿ. ಅಂಕ ಸ್ಪಷ್ಟವಾಗಿ ಏರಿರದಿದ್ದರೆ ಕಾಲೇಜು ಬಿಟ್ಟು ರಿಪೀಟರ್ ಆಗಿ ಕೂರುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಡುವುದೇ ಆದರೆ ಮೂಲ ದಾಖಲೆಗಳ ವಿಷಯದಲ್ಲಿ ಹುಷಾರು. ಕೆಲವು ಖಾಸಗಿ ಕಾಲೇಜುಗಳು ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟಿದರೆ ಮಾತ್ರ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ವಾಪಸ್ ಕೊಡುತ್ತೇವೆ ಎನ್ನುತ್ತವೆ. ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಮೊದಲು ಓದಿ, ಕೋರಿಕೆಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ತಕರಾರಾದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಕೆಇಎ ಮೂಲಕ ನರ್ಸಿಂಗ್ ಸೀಟು ಪಡೆದವರು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಸೀಟು ಬಿಡುವವರ ಬಗ್ಗೆ, ಈಗಾಗಲೇ ಕೋರ್ಸಿನಲ್ಲಿರುವವರ ಬಗ್ಗೆ ಇರುವ ಷರತ್ತುಗಳನ್ನು ಓದಿಯೇ ಮುಂದಡಿ ಇಡಬೇಕು.

ಹಳ್ಳಿಯ ಮಕ್ಕಳಿಗಿರುವ ಮೀಸಲಾತಿ

ಇದನ್ನು ಕಳೆದುಕೊಳ್ಳುವವರು ಬಹಳ ಜನ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀಟ್ ಬರೆದರಷ್ಟೇ ಸಾಲದು, ರಾಜ್ಯದ ಸೀಟಿಗೆ ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಆ ಅರ್ಜಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಕೋಟಾ ಶೇ. 5 ಇವೆ. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಮೊದಲನೆಯದು, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎರಡನೆಯದು. ಊರಲ್ಲಿ ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಕಡೂರು, ಬೀರೂರು, ತರೀಕೆರೆ ಪಟ್ಟಣದೊಳಗಿನ ಶಾಲೆಗೆ ಬಸ್ಸಿನಲ್ಲಿ ಓಡಾಡಿದವರಿಗೆ ಗ್ರಾಮೀಣ ಕೋಟಾ ಸಿಗುವುದಿಲ್ಲ, ಮನೆ ಹಳ್ಳಿಯಲ್ಲೇ ಇದ್ದರೂ. ಆದರೆ ಕನ್ನಡ ಮಾಧ್ಯಮದ್ದು ಅವರ ಪಾಲಿಗೆ ಉಳಿದೇ ಇರುತ್ತದೆ. ಎರಡಕ್ಕೂ ಮುಖ್ಯೋಪಾಧ್ಯಾಯರ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಕೌನ್ಸೆಲಿಂಗ್ ಶುರುವಾದ ಮೇಲೆ ಬಿಇಒ ಕಚೇರಿಗೆ ಅಲೆಯುವ ಬದಲು ರಜೆಗೆ ಊರಿಗೆ ಬಂದಾಗಲೇ ಮಾಡಿಸಿಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದೂ ನಾಡಕಚೇರಿಯಲ್ಲಿ ನೋಡಿಕೊಳ್ಳಿ.

ಕಾಲೇಜುಗಳೂ ಈಗ ಹತ್ತಿರ ಬಂದಿವೆ. ಚಿಕ್ಕಮಗಳೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022ರಲ್ಲಿ 150 ಸೀಟುಗಳೊಂದಿಗೆ ಶುರುವಾಯಿತು. ಅದಕ್ಕೂ ಮೊದಲು ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ತರೀಕೆರೆಯವರಿಗೆ ಶಿವಮೊಗ್ಗದ ಸಿಮ್ಸ್, ಕಡೂರಿನವರಿಗೆ ಹಾಸನದ ಹಿಮ್ಸ್ ಕೂಡ ದೂರವಲ್ಲ. ರಾಜ್ಯದ ಸರ್ಕಾರಿ ಕಾಲೇಜುಗಳ ಶೇ. 85ರಷ್ಟು ಸೀಟು ಕೆಇಎ ಮೂಲಕವೇ ಹಂಚಿಕೆಯಾಗುತ್ತವೆ.

ದುಡ್ಡಿನ ಮಾತು

ಸರ್ಕಾರಿ ಕಾಲೇಜಿನ ಸೀಟಾದರೆ ವರ್ಷದ ಶುಲ್ಕ ಲಕ್ಷದೊಳಗೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಅದರ ಎರಡು ಮೂರು ಪಟ್ಟು. ಖಾಸಗಿ ಕೋಟಾ ವರ್ಷಕ್ಕೆ ಹತ್ತು ಲಕ್ಷದ ಮೇಲೆ. ಮೊದಲ ಎರಡು ಸಿಕ್ಕರೆ ಹೇಗಾದರೂ ನಿಭಾಯಿಸಬಹುದು: ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ 'ಅರಿವು' ಸಾಲವಿದೆ, ಬ್ಯಾಂಕುಗಳಲ್ಲಿ 7.5 ಲಕ್ಷದವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ನರ್ಸಿಂಗ್‌ಗೆ ಈಗಾಗಲೇ ವಿದ್ಯಾರ್ಥಿವೇತನ ಪಡೆದವರು ಹೊಸ ಕೋರ್ಸಿಗೂ ಅದು ಸಿಗುತ್ತದೆಯೇ ಎಂದು ತಾಲ್ಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯಲ್ಲಿ ಮುಂಚೆಯೇ ಕೇಳಿಕೊಳ್ಳಬೇಕು. ಖಾಸಗಿ ಕೋಟಾಕ್ಕಾಗಿ ತೋಟ ಮಾರಬೇಡಿ. ಐದು ವರ್ಷದಲ್ಲಿ ಅರ್ಧ ಕೋಟಿ ಕರಗುತ್ತದೆ, ಎಂಬಿಬಿಎಸ್ ಒಂದರಿಂದಲೇ ಅದು ಬೇಗ ವಾಪಸ್ ಬರುವುದಿಲ್ಲ, ಪಿಜಿಗೆ ಮತ್ತೆ ನೀಟ್ ಬರೆಯಬೇಕು, ಮತ್ತೆ ಮೂರು ವರ್ಷ ಓದಬೇಕು. 'ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ' ಎನ್ನುವ ದಲ್ಲಾಳಿಗೆ ಮುಂಗಡ ಕೊಡುವ ಮಾತೇ ಬೇಡ. ಖಾಸಗಿ ಮತ್ತು ಡೀಮ್ಡ್ ಕಾಲೇಜಿನ ಸೀಟುಗಳೂ ನೀಟ್ ರ‍್ಯಾಂಕಿನ ಮೇಲೆ ಕೌನ್ಸೆಲಿಂಗ್ ಮೂಲಕವೇ ಹೋಗುತ್ತವೆ. ವಿದೇಶದಲ್ಲಿ ಎಂಬಿಬಿಎಸ್ ಎನ್ನುವವರಿಗೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಬಂದ ಮೇಲೆ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗಬೇಕು.

ಯಾಕೆ ಬೇಕು ಎಂಬ ಪ್ರಶ್ನೆ

ಅಂಕ, ದುಡ್ಡು, ದಾಖಲೆ ಎಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಪಡೆದವರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲೇ ಸಮಾಜ ಕಾರ್ಯಕರ್ತೆಯಾದರು. ಕ್ಯಾನ್ಸರಿನಿಂದ ಸಾಯುತ್ತಿರುವವರು ತಡೆಯಲಾರದ ನೋವಿನಲ್ಲಿ ನರಳುವುದನ್ನೂ ಡಾಕ್ಟರುಗಳು ಅಂಥವರಿಂದ ದೂರ ಸರಿಯುವುದನ್ನೂ ಕಂಡರು. ತನ್ನ ಮಾತಿಗೆ ಬೆಲೆ ಬರಬೇಕಾದರೆ ತಾನೂ ವೈದ್ಯಳಾಗಬೇಕು ಎಂದು ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿಗೆ ಸೇರಿ 1957ರಲ್ಲಿ ಮುಗಿಸಿದರು. 1967ರಲ್ಲಿ ಅವರು ಆರಂಭಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಜಗತ್ತಿನಲ್ಲಿ ಉಪಶಾಮಕ ಆರೈಕೆಗೆ ದಾರಿ ಮಾಡಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಮಾಡುತ್ತಿರುವುದೂ ಅದೇ ಬಗೆಯ ಸೇವೆ. ಸಾಂಡರ್ಸ್‌ಗೆ ಯಾಕೆ ವೈದ್ಯಳಾಗಬೇಕು ಎಂಬುದು ಸ್ಪಷ್ಟವಿತ್ತು. ನರ್ಸ್ ಆಗಿ ಮಾಡಲಾಗದ ಒಂದು ನಿರ್ದಿಷ್ಟ ಕೆಲಸವಿತ್ತು.

ನಿಮಗೂ ಹಾಗೊಂದು ಕಾರಣ ಇದೆಯೇ? ರೋಗ ಪತ್ತೆ ಮಾಡುವುದು, ಚಿಕಿತ್ಸೆ ನಿರ್ಧರಿಸುವುದು ನಿಮ್ಮನ್ನು ಎಳೆಯುತ್ತಿದ್ದರೆ ಅದು ಗಟ್ಟಿ ಕಾರಣ. ಹಿರಿಯ ಸಿಸ್ಟರ್ ಬೈದರು, ನೈಟ್ ಡ್ಯೂಟಿ ಕಷ್ಟ, ನೆಂಟರ ಮನೆಯಲ್ಲಿ 'ಬರೀ ನರ್ಸಾ?' ಎಂದರು ಎಂಬುದು ಕಾರಣವಾದರೆ ಇನ್ನೊಮ್ಮೆ ಯೋಚಿಸಿ. ಬೈಗುಳ, ನೈಟ್ ಡ್ಯೂಟಿ ಎರಡೂ ಎಂಬಿಬಿಎಸ್ ಇಂಟರ್ನ್‌ಗಳಿಗೆ ಇನ್ನೂ ಹೆಚ್ಚು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಒಬ್ಬ ಇಂಟರ್ನ್ ಅಕ್ಕನನ್ನು ಹಿಡಿದು ಒಂದು ವಾರದ ದಿನಚರಿ ಕೇಳಿ ನೋಡಿ.

ನರ್ಸಿಂಗ್‌ನೊಳಗೇ ಮೇಲೇರುವ ಮೆಟ್ಟಿಲುಗಳಿವೆ ಎಂಬುದೂ ಲೆಕ್ಕದಲ್ಲಿರಲಿ. ಏಮ್ಸ್ ಸಂಸ್ಥೆಗಳ ನಾರ್ಸೆಟ್ ಪರೀಕ್ಷೆ ಬರೆದು ನರ್ಸಿಂಗ್ ಆಫೀಸರ್ ಆದವರ ಆರಂಭದ ಮೂಲ ವೇತನವೇ 44,900 ರೂಪಾಯಿ. ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾದರೆ ಬಿಪಿ, ಶುಗರ್ ರೋಗಿಗಳನ್ನು ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ನಿಮ್ಮದೇ. ತೀವ್ರ ನಿಗಾ ಘಟಕದಲ್ಲಿ ಆಸಕ್ತಿ ಇದ್ದವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿದೆ. ನಿರ್ಧರಿಸುವ ಅಧಿಕಾರವೇ ನಿಮ್ಮನ್ನು ಸೆಳೆಯುತ್ತಿರುವುದಾದರೆ ಈ ಹುದ್ದೆಗಳನ್ನು ನೋಡದೆ ತೀರ್ಮಾನಕ್ಕೆ ಬರಬೇಡಿ.

ಅನುಮಾನ ನಿದ್ದೆ ಕೆಡಿಸುವ ಮಟ್ಟಕ್ಕೆ ಹೋದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದು ಓದಿನ ಪ್ರಶ್ನೆಯಾಗಿ ಉಳಿದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಹಣವಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುತ್ತಾರೆ. ಯಾವ ವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ಕೊನೆಗೆ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಮಗಳೋ ಮಗನೋ ಈ ಮಾತು ಎತ್ತಿದ ದಿನ 'ಆಗಲಿ' ಎನ್ನಬೇಡಿ, 'ಬೇಡ' ಎಂದೂ ಎನ್ನಬೇಡಿ. ಮದುವೆಯ ವಯಸ್ಸಿನ ಮಾತನ್ನು ಆ ಹೊತ್ತಿಗೆ ಪಕ್ಕಕ್ಕಿಡಿ. ಮೂರು ತಿಂಗಳು ಸಮಯ ಕೊಡಿ, ಮೂರು ಪತ್ರಿಕೆಯ ಅಂಕ ತಂದು ತೋರಿಸು ಎನ್ನಿ, ತೋರಿಸಿದ ದಿನ ಜೊತೆಗೆ ಕುಳಿತು ಲೆಕ್ಕ ನೋಡಿ.